ಒಳಗೆ ಬಿಟ್ಟ ಬಟ್ಟೆ

ಮಾರ್ಚ್ ೪, ಸೋಮವಾರ

ಇದು ನಮ್ಮ ಹೊಲಿಗೆ ಅಂಗಡಿಯ ಅಳತೆ ಪುಸ್ತಕ. ಮುಂದಿನ ಹಾಳೆಗಳ ತುಂಬ ಗಿರಾಕಿಗಳ ಎದೆ, ಸೊಂಟ, ತೋಳು. ಹಿಂದಿನ ಹಾಳೆಗಳು ಖಾಲಿ ಇದ್ದವು, ಜೊತೆಗೆ ಹಿಡಿದುಕೊಂಡು ಬಂದೆ. ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕೂತರೆ ನನ್ನ ಬಲಗಾಲು ತಾನಾಗಿಯೇ ಮೆಷಿನ್ ತುಳಿಯಲು ಶುರು ಮಾಡುತ್ತದೆ. ಪಕ್ಕದಲ್ಲಿದ್ದ ಹೆಂಗಸು ಎರಡು ಸಲ ನೋಡಿ, ಮೂರನೆಯ ಸಲ ಎದ್ದು ಬೇರೆ ಬೆಂಚಿಗೆ ಹೋದರು. ಕೈಗೆ ಕೆಲಸ ಕೊಟ್ಟರೆ ಕಾಲು ನಿಂತೀತು ಎಂದು ಬರೆಯುತ್ತಿದ್ದೇನೆ.

ಇವಳಿಗೆ, ನನ್ನ ಹೆಂಡತಿಗೆ, ಇವತ್ತು ಮೊದಲನೆಯ ರೇಡಿಯೇಷನ್. ಗಂಟಲಿನಲ್ಲಿ ಗಡ್ಡೆ. ವಾರಕ್ಕೆ ಐದು ದಿನದಂತೆ ಏಳು ವಾರ, ಒಟ್ಟು ಮೂವತ್ತೈದು ಸಲ. ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು.

“ಗುಣ ಆಗೋ ಅಂಥದ್ದೇ, ಹೆದರಬೇಡಿ. ಆದ್ರೆ ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲ. ದಿನ ತಪ್ಪಿದಷ್ಟೂ ಗಡ್ಡೆಗೆ ಮತ್ತೆ ಜೀವ ಬರುತ್ತೆ. ಮೂರನೇ ವಾರದಿಂದ ನುಂಗೋದು ಕಷ್ಟ ಆಗುತ್ತೆ. ತೂಕ ಮಾತ್ರ ಇಳೀಬಾರದು. ತೀರಾ ಆಗದಿದ್ರೆ ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ ಹಾಕ್ತೀವಿ.”

“ನಳಿಗೆ ಬೇಡ,” ಅಂದಳು ಇವಳು. ಅವಳ ಅಮ್ಮನಿಗೆ ಕೊನೆಗಾಲದಲ್ಲಿ ಹಾಕಿದ್ದರು. ಅದನ್ನು ತೆಗೆಯುವ ದಿನ ಬರಲೇ ಇಲ್ಲ. ಹಾಗಾಗಿ ಇವಳ ಲೆಕ್ಕದಲ್ಲಿ ನಳಿಗೆ ಅಂದರೆ ಮುಗಿಯಿತು ಎಂದೇ ಅರ್ಥ. “ನಾನು ತಿಂತೀನಿ. ಗೋಡೆ ಸುಣ್ಣ ಕೊಟ್ರೂ ತಿಂತೀನಿ. ಅದೊಂದು ಬೇಡ.”

ಚಿಕಿತ್ಸೆಯ ಹೊತ್ತಿನಲ್ಲಿ ತಲೆ ಅಲುಗಬಾರದೆಂದು ಮುಖದಿಂದ ಭುಜದವರೆಗೆ ಬಿಗಿಯಾಗಿ ಕೂರುವ ಜಾಲರಿಯ ಮುಖವಾಡ ಮಾಡಿದ್ದಾರೆ. ಬಿಸಿನೀರಲ್ಲಿ ಮೆತ್ತಗಾದ ಹಾಳೆಯನ್ನು ಮುಖದ ಮೇಲೆ ಹರಡಿದರೆ ಅಲ್ಲೇ ಗಟ್ಟಿಯಾಗುತ್ತದೆ. ಮಾಡಿದವನು ಉದ್ದನೆಯ ಮನುಷ್ಯ. ನಾವಿಬ್ಬರೂ ಅವನಿಗೆ ಮುಖವಾಡದಣ್ಣ ಎಂದೇ ಹೆಸರಿಟ್ಟಿದ್ದೇವೆ. ಇವಳು ಕೇಳಿದಳು, “ಟ್ರಯಲ್ ಇಲ್ವೇನಣ್ಣ?”

“ಇಲ್ಲಮ್ಮ, ಒಂದೇ ಸಲಕ್ಕೆ ಕೂರಬೇಕು. ಸ್ವಲ್ಪ ಸಡಿಲ ಆದ್ರೂ ಕಿರಣ ಬೇರೆ ಕಡೆ ಬೀಳುತ್ತೆ.”

ಇವಳು ಜಾಲರಿಯ ಅಂಚನ್ನು ಬೆರಳಲ್ಲಿ ಸವರಿ, ಕೆಲಸ ಚೆನ್ನಾಗಿದೆ ಎಂದು ತಲೆದೂಗಿದಳು. ಇವಳಿಂದ ಅಷ್ಟು ಸಿಗಬೇಕಾದರೆ ನನಗೆ ಹನ್ನೊಂದು ವರ್ಷ ಹಿಡಿದಿತ್ತು.

ಮಾರ್ಚ್ ೮, ಶುಕ್ರವಾರ

ಐದು ಆಯಿತು. ಇವಳು ಗಟ್ಟಿಯಾಗಿದ್ದಾಳೆ. ಸೂಪು, ಮೊಟ್ಟೆ, ಬ್ರೆಡ್ಡು ಎಲ್ಲ ಹೋಗುತ್ತಿದೆ. ಸೂಪು ನಾನೇ ಮಾಡಿದ್ದು. “ಉಪ್ಪು ಯಾರ ಮೇಲಿನ ಸಿಟ್ಟಿಗೆ ಸುರಿದ್ರಿ?” ಎಂದಳು, ಆದರೂ ಬಟ್ಟಲು ಖಾಲಿ ಮಾಡಿದಳು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಆ ಬೆಂಚಿನ ಎಡತುದಿಗೆ ಒಳ್ಳೆ ಬಿಸಿಲು ಬರುತ್ತದೆ. ಈಗ ಅದು ನನ್ನ ಜಾಗ ಎಂದು ಎಲ್ಲರಿಗೂ ಗೊತ್ತಾಗಿದೆ.

ಮಧ್ಯಾಹ್ನ ಅಂಗಡಿ ತೆಗೆದೆ. ಹೆಡ್‌ಮೇಷ್ಟ್ರು ಬೂದು ಬಣ್ಣದ ಉಣ್ಣೆ ಬಟ್ಟೆ ತಂದಿದ್ದರು. ಜುಲೈ ಕೊನೆಗೆ ನಿವೃತ್ತಿ, ಅವತ್ತಿಗೆ ಕೋಟು ಬೇಕು. ಅಳತೆ ತೆಗೆದುಕೊಂಡೆ. ಕತ್ತರಿಸುವುದು ಇವಳು ಬಂದ ಮೇಲೆ ಎಂದೆ. ಗಿರಾಕಿಗಳು ನಾನೇ ಯಜಮಾನ ಅಂದುಕೊಂಡು ನನ್ನ ಕಡೆ ನೋಡಿ ಮಾತಾಡುತ್ತಾರೆ, ನಾನು ಅವಳ ಕಡೆ ನೋಡುತ್ತೇನೆ. ಇಪ್ಪತ್ತೊಂಬತ್ತು ವರ್ಷದಿಂದ ಇವಳು ಕತ್ತರಿಸಿ ಕೊಟ್ಟಿದ್ದನ್ನು ಹೊಲಿದುಕೊಂಡು ಸುಖವಾಗಿದ್ದೇನೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಗಿರಾಕಿಯ ಬಟ್ಟೆ ಹೋಯಿತು. ಅಂಥ ಜವಾಬ್ದಾರಿ ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ.

“ನಿಮ್ಮ ಕೈಲೇ ಆಗಲ್ವೇನ್ರೀ?” ಎಂದರು ಮೇಷ್ಟ್ರು.

“ಆಗತ್ತೆ ಸಾರ್. ಆದ್ರೆ ಅದು ಕೋಟು ಆಗತ್ತೋ ಚೀಲ ಆಗತ್ತೋ ಹೇಳಕ್ಕಾಗಲ್ಲ.”

ಮಾರ್ಚ್ ೧೬, ಶನಿವಾರ

ಹತ್ತು ಮುಗಿದಿವೆ. ಗಂಟಲೊಳಗೆ ಹುಣ್ಣಾಗಿದೆ. ಬ್ರೆಡ್ಡು ಬಿಟ್ಟಾಯಿತು.

ಆಸ್ಪತ್ರೆಗೆಂದೇ ಇವಳು ಮುಂದೆ ಗುಂಡಿ ಇರುವ ಮೂರು ಗೌನು ಕತ್ತರಿಸಿಕೊಂಡಿದ್ದಳು, ನೀಲಿ, ಚೌಕಳಿ, ಹಸಿರು. ಹೊಲಿದದ್ದು ನಾನು. ಮೂರೂ ಮೈಗೆ ಹೇಳಿ ಮಾಡಿಸಿದ ಹಾಗಿದ್ದವು. ನಿನ್ನೆ ನೀಲಿ ಗೌನು ಹಾಕಿಕೊಂಡು ಕಿಟಕಿಯ ಹತ್ತಿರ ನಿಂತಿದ್ದವಳು ಬಗಲ ಕೆಳಗೆ ಎರಡು ಬೆರಳಲ್ಲಿ ಬಟ್ಟೆ ಹಿಡಿದು ನೋಡಿದಳು. ಅಲ್ಲಿ ಹಿಡಿಯಲು ಬಟ್ಟೆ ಸಿಗಬಾರದಿತ್ತು, ಸಿಕ್ಕಿತು. ರಾತ್ರಿಯ ಊಟ ಹಾಗೇ ಪಕ್ಕಕ್ಕೆ ತಳ್ಳಿದಳು.

ಇವತ್ತು ಅವಳು ಮಲಗಿದ್ದಾಗ ಮೂರೂ ಗೌನು ಒಗೆದು, ಒಣಗಿಸಿ, ಎರಡೂ ಪಕ್ಕ ಕಾಲು ಕಾಲು ಇಂಚು ಒಳಗೆ ಹಿಡಿದು ಹೊಲಿದೆ. ಹಳೆಯ ಹೊಲಿಗೆ ಬಿಚ್ಚಿ, ದಾರದ ಚೂರು ಒಂದೂ ಉಳಿಯದ ಹಾಗೆ ಹೆಕ್ಕಿ, ಗೆರೆ ಕಾಣದಂತೆ ಇಸ್ತ್ರಿ ಮಾಡಿದ್ದೇನೆ. ಇಂಥ ಅಚ್ಚುಕಟ್ಟು ಕೆಲಸ ಮಾಡಿ ಎಷ್ಟೋ ದಿನವಾಗಿತ್ತು.

ಮಾರ್ಚ್ ೧೮, ಸೋಮವಾರ

ಕೆಲಸ ಮಾಡಿತು! ಬೆಳಿಗ್ಗೆ ನೀಲಿ ಗೌನು ಹಾಕಿಕೊಂಡಳು. ಬಗಲಿಗೆ ಕೈ ಹೋಯಿತು. ಹಿಡಿಯಲು ಏನೂ ಸಿಗಲಿಲ್ಲ.

“ಮೊನ್ನೆ ಸಡಿಲ ಅನ್ನಿಸಿತ್ತು ಕಣ್ರೀ. ಸುಸ್ತಿಗೆ ಹಾಗನ್ನಿಸಿತೇನೋ. ನೋಡಿ, ಹೇಗಿದ್ದೆನೋ ಹಾಗೇ ಇದೀನಿ.”

ಆ ಖುಷಿಗೆ ಎರಡು ಲೋಟ ಹಾಲು ಕುಡಿದಳು. ಕುಡಿಯುವಾಗ ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ. ಕಾಲು ಇಂಚಿಗೆ ಎರಡು ಲೋಟ ಹಾಲು! ಯಾವ ಡಾಕ್ಟರು ಬರೆದುಕೊಟ್ಟಾರು ಇಂಥ ಔಷಧಿ? ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತ ಬಂದೆ.

ಮಾರ್ಚ್ ೨೩, ಶನಿವಾರ

ದನಿ ಪೂರ್ತಿ ಹೋಗಿದೆ. ಮಾತಿಲ್ಲದೆ ಇವಳಿಗೆ ನನ್ನ ತಪ್ಪು ಹುಡುಕುವುದು ಕಷ್ಟವಾಗುತ್ತದೆಂದು ಕರಿ ಕೋಟಿನ ಬಟ್ಟೆಯ ಒಂದು ತುಂಡು, ಅಂಗಡಿಯ ಸೀಮೆಸುಣ್ಣ ತಂದುಕೊಟ್ಟೆ. ಅದರ ಮೇಲೆ ಬರೆಯುತ್ತಾಳೆ, ಕೊಡವಿದರೆ ಹೋಗುತ್ತದೆ. ಮೊದಲ ಬರಹ: “ಶರಟಿನ ಎರಡನೇ ಗುಂಡಿ ಹಾಕಿ.”

ತೂಕದ ಯಂತ್ರ ಇಳಿದಿದೆ ಎನ್ನುತ್ತದಂತೆ. ಇವಳು ಡಾಕ್ಟರಮ್ಮನಿಗೆ ಬರೆದು ತೋರಿಸಿದಳು: “ಯಂತ್ರ ಸರಿಯಿಲ್ಲ. ಬಟ್ಟೆ ಸುಳ್ಳು ಹೇಳಲ್ಲ. ನನ್ನ ಕಸುಬೇ ಅದು.” ಗೌನಿನ ಪಕ್ಕ ಎಳೆದು ತೋರಿಸಿದಳು. ಗಂಟಲು, ಕೆನ್ನೆ ಸ್ವಲ್ಪ ಊದಿಕೊಂಡಿರುವುದರಿಂದ ಮುಖವೂ ತುಂಬಿದಂತೆಯೇ ಕಾಣುತ್ತದೆ. ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ನಳಿಗೆ ಹಾಕಿಸಿಕೊಳ್ಳಿ ಎಂದು ಅವರು ಇನ್ನೊಮ್ಮೆ ಹೇಳಿದರು. ಇವಳು ಸೀಮೆಸುಣ್ಣ ಎತ್ತಲೂ ಇಲ್ಲ, ಬೇಡವೆಂದು ತಲೆಯಾಡಿಸಿದಳು.

ಸಂಜೆ ನಾದಿನಿ ಬಂದಿದ್ದಳು, ಇವಳ ತಂಗಿ. ಅಡುಗೆಮನೆಯಲ್ಲಿ ಹಿಡಿದುಕೊಂಡಳು. “ಭಾವ, ಅಕ್ಕನ ಮಣಿಕಟ್ಟು ನೋಡಿದ್ರಾ? ಬಳೆ ಮೊಣಕೈಗೆ ಹೋಗ್ತಿದೆ.”

“ಮೆಲ್ಲಗೆ ಮಾತಾಡೇ. ಈಗ ಖುಷಿಯಾಗಿದ್ದಾಳೆ, ಖುಷಿಯಾಗಿದ್ರೆ ನಾಲ್ಕು ಗುಟುಕು ಹೋಗುತ್ತೆ.”

“ಮತ್ತೆ ಬಟ್ಟೆ ಹೇಗೆ ಅಷ್ಟು ಸರಿಯಾಗಿ—” ಎಂದವಳು ಹೊಲಿಗೆ ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. “ಭಾವಾ!”

ನಾಲ್ಕು ದಿನ ಕಳೆಯಲಿ ಎಂದೆ. ಎರಡನೆಯ ಕಾಲು ಇಂಚು ಇವತ್ತು ಹಿಡಿದಾಯಿತು.

ಮಾರ್ಚ್ ೩೦, ಶನಿವಾರ

ಮೂರನೆಯ ಕಾಲು ಇಂಚು. ಇಪ್ಪತ್ತು ಮುಗಿದಿವೆ. ಹಾಲು ಅರ್ಧ ಲೋಟ.

ಏಪ್ರಿಲ್ ೩, ಬುಧವಾರ

ಇವತ್ತು ಚಿಕಿತ್ಸೆ ಆಗಲಿಲ್ಲ.

ಒಳಗೆ ಹೋದ ಐದು ನಿಮಿಷಕ್ಕೆ ಮುಖವಾಡದಣ್ಣ ಹೊರಗೆ ಬಂದ. ಕೈಯಲ್ಲಿ ಮುಖವಾಡ. “ಇದು ಕೂರ್ತಿಲ್ಲ ಯಜಮಾನ್ರೇ. ಭುಜದ ಹತ್ರ ಎರಡು ಬೆರಳು ಹೋಗುತ್ತೆ, ಒಳಗೆ ತಲೆ ಅಲುಗ್ತಿದೆ. ಇಷ್ಟೊಂದು ಇಳಿದಿದ್ದಾರೆ, ಯಾರೂ ನೋಡ್ಲಿಲ್ವಾ?”

ಅಷ್ಟರಲ್ಲಿ ಒಳಗೆ ಇವಳು ಎದ್ದು ನಿಲ್ಲಲು ಹೋಗಿ ಕುಸಿದಿದ್ದಳು. ಜ್ವರವೂ ಇತ್ತು. ಮೈಯಲ್ಲಿ ನೀರೇ ಇಲ್ಲವಂತೆ. ವಾರ್ಡಿಗೆ ಸೇರಿಸಿ ಡ್ರಿಪ್ ಹಾಕಿದ್ದಾರೆ. ಡಾಕ್ಟರಮ್ಮ ಸಿಟ್ಟಿಲ್ಲದೆ ಹೇಳಿದರು, ಅದೇ ಹೆಚ್ಚು ತಾಗಿತು. “ಇಪ್ಪತ್ತೆರಡು ಆಗಿವೆ, ಇನ್ನೂ ಹದಿಮೂರು ಬಾಕಿ. ಹೊಸ ಮುಖವಾಡ ಮಾಡ್ಬೇಕು, ಹೊಸದಾಗಿ ಲೆಕ್ಕ ಹಾಕ್ಬೇಕು. ಅದಕ್ಕೆ ಮೊದಲು ತೂಕ ಇಳಿಯೋದು ನಿಲ್ಬೇಕು, ಇಲ್ದಿದ್ರೆ ಆ ಮುಖವಾಡವೂ ವಾರಕ್ಕೆ ಸಡಿಲ ಆಗುತ್ತೆ. ನಳಿಗೆ ಹಾಕದೆ ದಾರಿಯಿಲ್ಲ. ಅವರು ಒಪ್ತಿಲ್ಲ. ಬಟ್ಟೆ ಸರಿಯಾಗೇ ಇದೆ ಅಂತ ಈಗಲೂ ತೋರಿಸ್ತಾರೆ.”

ಜಾಲರಿಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಒಂದು ತಿಂಗಳ ಹಿಂದಿನ ಇವಳ ಮುಖ ಅದರಲ್ಲಿ ಹಾಗೇ ಇತ್ತು.

ಏಪ್ರಿಲ್ ೪, ಗುರುವಾರ

ಹೇಳಿದೆ.

ಹೇಗೆ ಶುರು ಮಾಡಿದೆನೋ ನೆನಪಿಲ್ಲ. “ಯಂತ್ರ ಸರಿಯಾಗೇ ಇದೆ ಕಣೇ. ಬಟ್ಟೇನೇ ಸುಳ್ಳು ಹೇಳಿದ್ದು. ನಾನೇ ಹೇಳ್ಸಿದ್ದು,” ಎಂದೆ. ಇವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕರಿ ಬಟ್ಟೆಯ ಮೇಲೆ ಒಂದೇ ಪದ ಬರೆದಳು: “ಎಷ್ಟು?”

“ಮೂರು ಸಲ. ಒಂದೊಂದು ಸಲಕ್ಕೂ ಎರಡೂ ಪಕ್ಕ, ಹಿಂದೆ ಮುಂದೆ ಕಾಲು ಕಾಲು ಇಂಚು. ಒಟ್ಟು ಸುತ್ತಳತೆಯಲ್ಲಿ ಮೂರು ಇಂಚು.”

ಸೀಮೆಸುಣ್ಣ ಕೆಳಗಿಟ್ಟಳು. ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆಯವರೆಗೂ ಈ ಕಡೆ ತಿರುಗಲಿಲ್ಲ. ಒಳ್ಳೆಯದಕ್ಕೇ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಪೂರ್ತಿ ನಿಜವಲ್ಲ. ಅವಳು ಬಗಲಿಗೆ ಕೈ ಹಾಕಿ ಸುಮ್ಮನಾದ ಆ ಮುಖವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಏಪ್ರಿಲ್ ೫, ಶುಕ್ರವಾರ

ಬೆಳಿಗ್ಗೆ ಹೋದಾಗ ಇವಳು ಎದ್ದು ಕೂತಿದ್ದಳು. ನೀಲಿ ಗೌನನ್ನು ಒಳಮೈ ಹೊರಗೆ ಮಾಡಿ ತೊಡೆಯ ಮೇಲೆ ಹರಡಿಕೊಂಡಿದ್ದಳು. ಹೊಲಿಗೆಯ ಮೇಲೆ ಉಗುರಾಡಿಸುತ್ತಿದ್ದಳು. ಮೂರು ಗೆರೆಗಳ ಸೂಜಿಗುರುತು, ಅದರಾಚೆ ನಾನು ಕತ್ತರಿಸದೆ ಒಳಗೆ ಮಡಚಿಟ್ಟಿದ್ದ ಬಟ್ಟೆ. ನಾನು ಬಾಗಿಲಲ್ಲೇ ನಿಂತೆ.

ಕರಿ ಬಟ್ಟೆ ಎತ್ತಿ ತೋರಿಸಿದಳು. “ಬಿಚ್ಚಿ.”

ಜೇಬಿನಲ್ಲಿ ಸಣ್ಣ ಕತ್ತರಿ ಇದ್ದೇ ಇರುತ್ತದೆ. ಹಾಸಿಗೆಯ ತುದಿಯಲ್ಲಿ ಕೂತು ಎರಡೂ ಪಕ್ಕ ಬಿಚ್ಚಿದೆ. ಅವಳು ಒಂದೊಂದು ದಾರ ಹೊರಬರುವುದನ್ನೂ ನೋಡುತ್ತಿದ್ದಳು. ಸೂಜಿ ಕೊಟ್ಟು ಮೊದಲಿನ ಗೆರೆಯ ಮೇಲೆ ಬೆರಳಿಟ್ಟಳು. ಅಲ್ಲಿಗೇ ಉದ್ದುದ್ದ ಹೊಲಿಗೆ ಹಾಕಿದೆ. ಹಾಕಿಕೊಂಡು, ನನ್ನ ತೋಳು ಹಿಡಿದು, ಸ್ನಾನದ ಮನೆಯ ಕನ್ನಡಿಯ ಮುಂದೆ ಹೋಗಿ ನಿಂತಳು.

ಗೌನು ಭುಜದಿಂದ ಸುಮ್ಮನೆ ಕೆಳಗೆ ಬಿದ್ದಿತ್ತು, ಗೂಟಕ್ಕೆ ನೇತುಹಾಕಿದ ಹಾಗೆ. ಇವಳು ಗಿರಾಕಿಯನ್ನು ನೋಡುವಂತೆ ತನ್ನನ್ನು ತಾನು ನೋಡಿಕೊಂಡಳು, ಭುಜ, ಎದೆ, ಸೊಂಟ, ಮೇಲಿಂದ ಕೆಳಗೆ. ನಾನೂ ನೋಡಿದೆ. ಕ್ಯಾಲೆಂಡರ್ ಇರಲಿಲ್ಲ ಅಲ್ಲಿ. ಅತ್ತುಬಿಟ್ಟೆ. ಅವಳು ಅಳಲಿಲ್ಲ, ಗೌನಿನ ಸಡಿಲ ಪಕ್ಕದಲ್ಲೇ ನನ್ನ ಮುಖ ಒರೆಸಿದಳು.

ವಾಪಸು ಬಂದು ಬರೆದಳು: “ಡಾಕ್ಟರನ್ನ ಕರೀರಿ. ನಳಿಗೆ ಹಾಕ್ಲಿ.” ಕೊಡವಿ ಮತ್ತೆ ಬರೆದಳು: “ತೆಗೆಯೋ ದಿನ ನೀವು ಇಲ್ಲೇ ಇರ್ಬೇಕು.”

ಮಧ್ಯಾಹ್ನ ನಳಿಗೆ ಹಾಕಿದರು. ನಾನು ಕೈ ಹಿಡಿದುಕೊಂಡಿದ್ದೆ. ನನ್ನ ಬೆರಳುಗಳು ಇನ್ನೂ ನೋಯುತ್ತಿವೆ.

ಏಪ್ರಿಲ್ ೧೦, ಬುಧವಾರ

ಹೊಸ ಮುಖವಾಡ ಕೂತಿತು. ಇಪ್ಪತ್ಮೂರನೆಯದು ಆಯಿತು. ತಪ್ಪಿದ್ದು ಐದು ದಿನ. ಆ ಐದು ದಿನದಿಂದ ಏನಾದೀತು ಎಂದು ಕೇಳಿದೆ. “ಸ್ಕ್ಯಾನಿನಲ್ಲಿ ನೋಡೋಣ,” ಎಂದರು ಡಾಕ್ಟರಮ್ಮ. ಇವಳಿಗೂ ಅದನ್ನೇ ಹೇಳಿದೆ, ಒಂದಕ್ಷರ ಕಮ್ಮಿ ಮಾಡದೆ.

ನಾನೀಗ ನಳಿಗೆಯ ಪಂಡಿತ. ಹಾಲು ಎಷ್ಟು ತೆಳ್ಳಗಿರಬೇಕು, ಎಷ್ಟು ನಿಧಾನ ಬಿಡಬೇಕು, ಎಲ್ಲ ಗೊತ್ತು. ಇವಳ ಹೊಟ್ಟೆಗೆ ನನ್ನ ಸೂಪು ಹೋಗುತ್ತದೆ, ನಾಲಿಗೆಗೆ ಸುಳಿವೇ ಸಿಗುವುದಿಲ್ಲ. ಮೊದಲ ಬಾರಿಗೆ ಉಪ್ಪಿನ ಬಗ್ಗೆ ದೂರಿಲ್ಲ.

ಸೀಮೆಸುಣ್ಣದಲ್ಲಿ ಇವತ್ತು ಬರೆದದ್ದು: “ಹೊಲಿಗೆ ಚೆನ್ನಾಗಿತ್ತು. ಅದಕ್ಕೇ ಕೋಪ. ಸೊಟ್ಟ ಹೊಲಿದಿದ್ರೆ ಅವತ್ತೇ ಹಿಡೀತಿದ್ದೆ.”

ಏಪ್ರಿಲ್ ೨೬, ಶುಕ್ರವಾರ

ಮೂವತ್ತೈದು!

ಬೆಳಿಗ್ಗೆ ಬೇಕರಿಯವರ ಆರು ಏಪ್ರನ್ ಕತ್ತರಿಸಿಟ್ಟು ಬಂದಿದ್ದರಿಂದ ಸ್ವಲ್ಪ ತಡವಾಯಿತು. ಮುಖವಾಡದಣ್ಣ ಹಳೆಯದು, ಹೊಸದು ಎರಡನ್ನೂ ಕಾಗದದಲ್ಲಿ ಸುತ್ತಿ ಕೊಟ್ಟ. ಎರಡೂ ಒಂದರೊಳಗೊಂದು ಕೂರುತ್ತವೆ. ಇವಳು ಚಿಕ್ಕದನ್ನು ದೊಡ್ಡದರೊಳಗೆ ಇಟ್ಟು ನೋಡಿ, ನನಗೆ ಕೊಟ್ಟಳು. ಮನೆಗೆ ಬಂದ ಮೇಲೆ ಹಾಗೇ ಬೀರುವಿನ ಮೇಲಿಟ್ಟಿದ್ದೇನೆ.

ತೂಕ ಇಳಿದಿಲ್ಲ. ನಿಂತಿದೆ. ಯಂತ್ರದ ಮುಳ್ಳನ್ನು ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದೆವು.

ಜೂನ್ ೭, ಶುಕ್ರವಾರ

ನಳಿಗೆ ತೆಗೆದರು. ನಾನು ಅಲ್ಲೇ ಇದ್ದೆ. ಎರಡು ಸೆಕೆಂಡಿನ ಕೆಲಸ. ಇವಳು ಮೂಗು ಸವರಿಕೊಂಡು ಕೂತಿದ್ದಳು. ಆಮೇಲೆ ಒಡಕು ದನಿಯಲ್ಲಿ, ಎರಡೂವರೆ ತಿಂಗಳಿನ ಮೇಲೆ, ಮಾತಾಡಿದಳು. “ಅಮ್ಮನಿಗೆ ತೋರಿಸ್ಬೇಕಿತ್ತು.”

ಮನೆಯಲ್ಲಿ ಸೂಪು ಕೊಟ್ಟೆ. ಒಂದು ಚಮಚ, ಎರಡು ಚಮಚ. ನಾನು ಉಸಿರು ಹಿಡಿದು ನೋಡುತ್ತಿದ್ದೆ. “ಉಪ್ಪು,” ಎಂದಳು. ನನಗೆ ಕುಣಿಯಬೇಕೆನಿಸಿತು. ನಾದಿನಿ ಬಂದವಳು, “ಭಾವ, ಅಷ್ಟು ನಗೋ ಅಂಥದ್ದು ಏನಾಯ್ತು?” ಎಂದಳು. ಉಪ್ಪು ಜಾಸ್ತಿಯಾಗಿದೆಯಂತೆ ಎಂದೆ.

ಜುಲೈ ೧೪, ಭಾನುವಾರ

ಗುರುವಾರ ಸ್ಕ್ಯಾನ್ ಆಯಿತು, ನಿನ್ನೆ ಫಲಿತಾಂಶ ಬಂತು. ಗಡ್ಡೆ ಇಲ್ಲ. ಡಾಕ್ಟರಮ್ಮ ಮೂರು ತಿಂಗಳಿಗೊಮ್ಮೆ ಬನ್ನಿ ಎಂದರು. ಮೆಟ್ಟಿಲಿಳಿಯುವಾಗ ಬೆಂಚಿನ ಎಡತುದಿಯಲ್ಲಿ ಯಾರೋ ಹೊಸಬರು ಕೂತಿದ್ದರು, ಕಾಲು ಅಲುಗಿಸುತ್ತ. ಒಂಬತ್ತಕ್ಕೆ ಅಲ್ಲಿ ಬಿಸಿಲು ಬರುತ್ತದೆಂದು ಹೇಳಿ ಬಂದೆ.

ಇವತ್ತು ಅಂಗಡಿಗೆ ರಜೆ, ಆದರೂ ಇವಳು ಹೋಗೋಣ ಎಂದಳು. ನಾಲ್ಕು ತಿಂಗಳ ಮೇಲೆ ಹೊಸಿಲು ದಾಟಿದಳು. ಮೇಜಿನ ಮೇಲೆ ಮೇಷ್ಟ್ರ ಕೋಟು ತುಂಡುತುಂಡಾಗಿ ಹರಡಿತ್ತು, ಬೆನ್ನು, ಎದೆ, ತೋಳು. ಎತ್ತಿ, ಅಂಚು ನೋಡಿ, ಬೆಳಕಿಗೆ ಹಿಡಿದಳು.

“ಇದ್ಯಾರು ಕತ್ತರಿಸಿದ್ದು?”

“ಇನ್ಯಾರು, ನಾನೇ. ತಿಂಗಳ ಕೊನೆಗೆ ಕೊಡ್ಬೇಕಲ್ಲ.”

“ಹೂಂ,” ಎಂದಳು. ತೋಳಿನ ತುಂಡನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ಬೆರಳಲ್ಲಿ ಅಂಚು ಸವರಿ, ತಲೆದೂಗಿ, ಹೋಗಿ ನನ್ನ ಮೆಷಿನ್ ಮುಂದೆ ಕೂತುಬಿಟ್ಟಳು. ನಾನು ಬೇರೆ ಜಾಗವಿಲ್ಲದೆ ಮೇಜಿನ ಕಡೆ ಬಂದು ಒಳಪದರದ ಬಟ್ಟೆ ಕತ್ತರಿಸತೊಡಗಿದೆ. ಅವಳ ಕಾಲ ಕೆಳಗೆ ಮೆಷಿನ್ ಸದ್ದು ಮಾಡುತ್ತ ಓಡತೊಡಗಿತು. ಎಷ್ಟು ಹಾಯೆನಿಸಿತು ಎಂದರೆ, ಈ ಸಾಲು ಬರೆಯುವಾಗಲೂ ಆ ಸದ್ದು ಕಿವಿಯಲ್ಲಿದೆ.

ಆಮೇಲೆ ಚೀಲದಿಂದ ನೀಲಿ ಗೌನು ತೆಗೆದಳು. ಆಸ್ಪತ್ರೆಯಲ್ಲಿ ನಾನು ಹಾಕಿದ್ದ ಉದ್ದುದ್ದ ಹೊಲಿಗೆಯೇ ಇನ್ನೂ ಇತ್ತು.

“ಇದನ್ನ ಸರಿಯಾಗಿ ಹೊಲಿದುಬಿಡಿ. ಅಳತೆ ತಗೊಳ್ಳಿ.”

ಇಷ್ಟು ವರ್ಷದಲ್ಲಿ ಇವಳ ಅಳತೆ ನಾನು ತೆಗೆದದ್ದಿಲ್ಲ. ತನ್ನದನ್ನು ತಾನೇ ಕತ್ತರಿಸಿಕೊಳ್ಳುವವಳು. ಟೇಪು ಸುತ್ತಿದೆ. ಅವಳು ಉಸಿರು ಬಿಗಿಹಿಡಿದು ಎದೆ ಉಬ್ಬಿಸಿದಳು.

“ಉಸಿರು ಬಿಡು,” ಎಂದೆ. “ಹಳೇದಕ್ಕಿಂತ ಒಂದು ಇಂಚು ಕಮ್ಮಿ ಇದೆ.”

“ಒಂದೇ?”

“ಒಂದೇ. ಬೇಕಾದ್ರೆ ನೀನೇ ಟೇಪು ನೋಡು.”

ನೋಡಿದಳು. ಟೇಪಿನ ತುದಿ ನನ್ನ ಕೈಗೆ ಕೊಟ್ಟು ಹೇಳಿದಳು, “ಈಗ ಎಲ್ಲಿಗೆ ಕೂರುತ್ತೋ ಅಲ್ಲಿಗೇ ಹೊಲೀರಿ. ಒಳಗಿನ ಬಟ್ಟೆ ಮಾತ್ರ ಕತ್ತರಿಸಬೇಡಿ. ನಾನಿನ್ನೂ ತುಂಬ್ಕೋಬೇಕು.”

ಅಳತೆ ಬರೆಯಲು ಪುಸ್ತಕ ತೆಗೆದರೆ ಮುಂದಿನಿಂದ ಬಂದ ಗಿರಾಕಿಗಳಿಗೂ ಹಿಂದಿನಿಂದ ಬಂದ ನನ್ನ ಬರಹಕ್ಕೂ ನಡುವೆ ಎರಡೇ ಹಾಳೆ ಉಳಿದಿವೆ. ಒಂದರಲ್ಲಿ ಇವಳ ಎದೆ, ಸೊಂಟ, ತೋಳು ಬರೆದು ತಾರೀಖು ಹಾಕಿದೆ. ಇನ್ನೊಂದರಲ್ಲಿ ಇದನ್ನು ಬರೆಯುತ್ತಿದ್ದೇನೆ. ಗೌನು ಹೊಲಿದಾಯಿತು. ಬಟ್ಟೆ ಕತ್ತರಿಸಿಲ್ಲ, ಎರಡೂ ಪಕ್ಕ ಒಳಗೆ ಮಡಚಿಟ್ಟಿದ್ದೇನೆ.